ಶಾಲೆಯ ಪ್ರಯೋಗಾಲಯ ಮತ್ತು ಸಾಬೂನು ಉದ್ಯಮ

ಸಾಬೂನು ತಯಾರಿಕೆಯು ಅಲ್ಪ ಬಂಡವಾಳದ ಉದ್ಯಮವೆಂಬ ಭಾವನೆ ಸಾಮಾನ್ಯವಾಗಿದೆ. ಬಂಡವಾಳ ಅಲ್ಪವೆಂಬುದು ನಿಜ. ಆದರೆ ಅದಕ್ಕೆ ಬೇಕಾದ ರಸಾಯನಶಾಸ್ತ್ರದ ಎಚ್ಚರ ಅಲ್ಪವಲ್ಲ. ಬಸವಕಲ್ಯಾಣ, ಹುಮನಾಬಾದ್‌ಗಳ ಶಾಲಾ ಕಾಲೇಜುಗಳಲ್ಲಿ ಪಾಠವಾಗಿರುವ ಈ ವಿಷಯವು ಉದ್ಯಮದ ಅಂಗಳಕ್ಕೂ ಇಳಿದು ಬರಬೇಕಾಗಿದೆ.

ಇದಕ್ಕೆ ನಾಡಿನಲ್ಲಿಯೇ ಮೇಲ್ಪಂಕ್ತಿಯುಂಟು. ಮೊದಲ ಮಹಾಯುದ್ಧದಿಂದ ಮೈಸೂರು ಸಂಸ್ಥಾನದ ಶ್ರೀಗಂಧದ ರಫ್ತು ಕುಂಠಿತವಾದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಗಂಧದೆಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ರೂಪಿಸಲಾಯಿತು. 1916ರಲ್ಲಿ ಮೈಸೂರಿನಲ್ಲಿ ಎಣ್ಣೆಯ ಕಾರ್ಖಾನೆಯೂ, 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯೂ ತಲೆಯೆತ್ತಿದವು. ಪ್ರಯೋಗಾಲಯ ಮುಂದೆ ನಡೆಯಿತು. ಕಾರ್ಖಾನೆ ಅದನ್ನು ಹಿಂಬಾಲಿಸಿತು.

ಶಾಲೆಯ ಪ್ರಯೋಗ ಸರಳವಾದದ್ದು. 25 ಮಿ.ಲೀ. ಕೊಬ್ಬರಿ ಎಣ್ಣೆಗೆ ಶೇ. 20ರ ಕಾಸ್ಟಿಕ್ ಸೋಡಾ ದ್ರಾವಣವನ್ನು 30 ಮಿ.ಲೀ. ಬೆರೆಸಿ ಕಾಯಿಸಿದರೆ ಸಾಬೂನು ಮತ್ತು ಗ್ಲಿಸರಿನ್ ದೊರೆಯುತ್ತವೆ. ಉಪ್ಪು ಹಾಕಿದೊಡನೆ ಸಾಬೂನು ಮೇಲೆ ತೇಲಿ ಬೇರ್ಪಡುತ್ತದೆ. ಆ ದ್ರಾವಣದಲ್ಲಿ ಸುಮಾರು 6 ಗ್ರಾಂ ಕ್ಷಾರವಿದ್ದು, ಅಷ್ಟು ಎಣ್ಣೆಗೆ ಬೇಕಾದದ್ದು ಸುಮಾರು 4.2 ಗ್ರಾಂ ಮಾತ್ರ. ಉಳಿದ ಕ್ಷಾರದ ಬಹುಭಾಗ ಉಪ್ಪುನೀರಿನೊಡನೆ ಹೊರಹೋಗುವುದರಿಂದ ವಿದ್ಯಾರ್ಥಿಗೆ ತೊಂದರೆಯಿಲ್ಲ.

ಎಣ್ಣೆ, ಕ್ಷಾರಗಳನ್ನು ಕಲಸಿ ನೇರವಾಗಿ ಅಚ್ಚಿಗೆ ಸುರಿಯುವ ಸಣ್ಣ ತಯಾರಕನಿಗೆ ಈ ಅನುಕೂಲವಿಲ್ಲ. ಹೆಚ್ಚಾದ ಕ್ಷಾರ ಬಿಲ್ಲೆಯಲ್ಲೇ ಉಳಿದು ಗ್ರಾಹಕನ ಕೈಯನ್ನು ಸುಡುತ್ತದೆ. 100 ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 18 ಕಿಲೋ ಕಾಸ್ಟಿಕ್ ಸೋಡಾ ಬೇಕು; ಸೋಯಾ ಎಣ್ಣೆಗಾದರೆ 13.5 ಕಿಲೋ ಸಾಕು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದರೆ 4.5 ಕಿಲೋ ಕ್ಷಾರ ವ್ಯರ್ಥ. ಅದರೊಡನೆ ಅಂಗಡಿಕಾರನ ವಿಶ್ವಾಸವೂ ವ್ಯರ್ಥ.

ಬೀದರ್ ಜಿಲ್ಲೆಯಲ್ಲಿ ಸೋಯಾ ಪ್ರಮುಖ ಬೆಳೆಯಾಗಿರುವುದರಿಂದ ಈ ಲೆಕ್ಕಕ್ಕೆ ಇಲ್ಲಿ ವಿಶೇಷ ಮಹತ್ವವಿದೆ. ಸೋಯಾ ಎಣ್ಣೆಯೊಂದರಿಂದಲೇ ಮಾಡಿದ ಸಾಬೂನು ಮೆತ್ತಗಿರುತ್ತದೆ, ಬೇಗ ಕಮಟುತ್ತದೆ. ಗಟ್ಟಿತನಕ್ಕೂ ನೊರೆಗೂ ಕೊಬ್ಬರಿ ಎಣ್ಣೆ ಬೆರೆಯಬೇಕು. ಬೆರಕೆಯ ಪ್ರಮಾಣ ಬದಲಾದಂತೆಲ್ಲ ಕ್ಷಾರದ ಲೆಕ್ಕವೂ ಬದಲಾಗಬೇಕು. ಇದು ಅಂದಾಜಿನಿಂದ ಆಗುವ ಕೆಲಸವಲ್ಲ, ತಕ್ಕಡಿಯಿಂದ ಆಗುವ ಕೆಲಸ.

ಆದ್ದರಿಂದ ಎರಡೂ ಪಟ್ಟಣಗಳ ವರ್ತಕರು ಕೂಡಿ ಶಾಲೆಗಳಿಗೆ ನಿಖರವಾದ ತಕ್ಕಡಿ, ಬ್ಯುರೆಟ್, ಕೈಗವಸು ಹಾಗೂ ಕಣ್ಣಿನ ರಕ್ಷಣೆಯ ಕನ್ನಡಕಗಳನ್ನು ಒದಗಿಸುವುದು ಉಚಿತ. ಪ್ರತಿಯಾಗಿ, ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಸ್ಥಳೀಯ ಸಾಬೂನಿನ ಮಾದರಿಗಳ ಪ್ರಾಥಮಿಕ ಪರೀಕ್ಷೆ ನಡೆಯಬಹುದು. ಬಿಲ್ಲೆಯ ತುಣುಕನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಫಿನಾಲ್ಫ್ತಲೀನ್ ಹಾಕಿದಾಗ ಗುಲಾಬಿ ಬಣ್ಣ ಬಂದರೆ ಕ್ಷಾರ ಉಳಿದಿದೆಯೆಂದೇ ಅರ್ಥ.

ಇಂತಹ ಪರೀಕ್ಷೆ ಅಧಿಕೃತ ಪ್ರಮಾಣಪತ್ರವಾಗದೆಂಬ ಆಕ್ಷೇಪ ಸರಿಯಾದದ್ದೇ. ಸ್ನಾನದ ಸಾಬೂನಿಗೆ 2020ರ ಸೌಂದರ್ಯವರ್ಧಕ ನಿಯಮಗಳನ್ವಯ ಪರವಾನಗಿ ಪಡೆಯಲೇಬೇಕು. ಮೊದಲ ದರ್ಜೆಯ ಟಾಯ್ಲೆಟ್ ಸಾಬೂನಿನಲ್ಲಿ ಒಟ್ಟು ಕೊಬ್ಬಿನ ಅಂಶ ಕನಿಷ್ಠ ಶೇ. 76 ಇರಬೇಕೆಂದು ಭಾರತೀಯ ಮಾನಕ ವಿಧಿಸುತ್ತದೆ. ಆದರೆ ದೂರದ ಪ್ರಯೋಗಾಲಯಕ್ಕೆ ಶುಲ್ಕ ತೆರುವ ಮೊದಲೇ ದೋಷ ತಿಳಿದರೆ ಉಳಿಯುವುದು ತಯಾರಕನ ಹಣ.

ಹೈದರಾಬಾದ್–ಪುಣೆ ಹೆದ್ದಾರಿ ಈ ಭಾಗಕ್ಕೆ ಹೊರಗಿನ ಸರಕನ್ನು ಸುಲಭವಾಗಿ ತರುತ್ತದೆ. ಇಲ್ಲಿನ ಸರಕನ್ನು ಒಯ್ಯಲೂ ಅದೇ ದಾರಿ. ಬಟ್ಟೆ ಮಡಿ ಮಾಡುವುದನ್ನೂ ಶಿವನ ಕಾಯಕವೆಂದು ನಡೆಸಿದ ಮಾಚಿದೇವರ ನೆನಪುಳ್ಳ ಕಲ್ಯಾಣದಲ್ಲಿ, ಸಾಬೂನಿನ ತೂಕವೂ ಗುಣವೂ ನಿಷ್ಠೆಯಿಂದ ಕೂಡಿರಬೇಕೆಂದು ಬಯಸುವುದು ಅತಿಯಾಗಲಾರದು.