ಸೋಮವಾರಕ್ಕೆ ಬೇಕಾದ ಸೈಕಲ್

ನಾನು ಹೊಸ ಸೈಕಲ್ ತಂದ ದಿನದಿಂದ ತರಗತಿಯಲ್ಲಿ ಐದಾರು ಮಂದಿ ಕೇಳಿದ್ದು ಒಂದೇ ಪ್ರಶ್ನೆ: "ರೋಡ್ ಬೈಕ್ ತಗೊಳ್ತೀನಿ ಅಂತಿದ್ದೆ, ಇದೇನೋ ಕ್ಯಾರಿಯರ್ ಇರೋದು ತಂದಿದ್ದೀಯ?" ಪ್ರಶ್ನೆಯಲ್ಲಿ ತಪ್ಪಿಲ್ಲ. ಕಳೆದ ರಂಜಾನ್‌ನಿಂದ ನಾನು ಎಲ್ಲರ ತಲೆ ತಿಂದದ್ದು ಬಾಗಿದ ಹ್ಯಾಂಡಲ್ಲಿನ, ತೆಳ್ಳನೆ ಟೈರಿನ ರೋಡ್ ಬೈಕಿನ ವಿಷಯ ಮಾತಾಡಿಯೇ. ಕೊನೆಗೆ ಮನೆಗೆ ಬಂದದ್ದು ನೇರ ಹ್ಯಾಂಡಲ್, ದಪ್ಪ ಟೈರು, ಮಡ್‌ಗಾರ್ಡ್, ಕ್ಯಾರಿಯರ್ ಇರುವ ಹೈಬ್ರಿಡ್ ಸೈಕಲ್. ಯಾಕೆ ಹೀಗಾಯಿತು ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟೆ: ಕಾಲೇಜಿಗೆ ಬರಲು ಮತ್ತು ರಜೆಯ ದಿನದ ವ್ಯಾಯಾಮಕ್ಕೆ ಎರಡಕ್ಕೂ ಒಂದೇ ಸೈಕಲ್ ಕೊಳ್ಳುವವರು ಸೋಮವಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಳ್ಳಬೇಕು. ಸೋಮವಾರಕ್ಕೆ ಆಗುವ ಸೈಕಲ್ ಭಾನುವಾರಕ್ಕೂ ಆಗುತ್ತದೆ. ಭಾನುವಾರಕ್ಕೆಂದೇ ಕೊಂಡದ್ದು ಸೋಮವಾರ ಬಾಲ್ಕನಿಯಲ್ಲಿ ಉಳಿಯುತ್ತದೆ.

ಸೈಕಲ್ಲೇ ಯಾಕೆ ಎಂದು ಮೊದಲು ಕೇಳಿದವರು ಅಬ್ಬಾ. "ಇನ್ನೊಂದು ವರ್ಷ ತಡಿ, ಹದಿನೆಂಟು ತುಂಬಲಿ, ಹಳೇ ಸ್ಕೂಟರ್ ನೋಡೋಣ" ಎಂದರು. ಅಬ್ಬಾ ತಡಿ ಎಂದರು, ಆದರೆ ನಮ್ಮಲ್ಲಿ ಎಷ್ಟೋ ಜನ ತಡೆಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಕಾಲೇಜಿಗೆ ಎರಡು ರಸ್ತೆ ಆಚೆ ಸ್ಕೂಟರ್ ನಿಲ್ಲಿಸಿ ನಡೆದು ಬರುವವರು ನಮ್ಮ ನಡುವೆಯೇ ಇದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಶಿಕ್ಷೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಓಡಿಸಿದವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ನಾವು ಮಾಡುವ ಶೋಕಿಗೆ ಅಬ್ಬಾ ಅಮ್ಮಿ ಕೋರ್ಟಿಗೆ ಹೋಗಬೇಕೇ? ನಮ್ಮ ವಯಸ್ಸಿನಲ್ಲಿ ಪೊಲೀಸರನ್ನು ಕಂಡರೆ ತಲೆ ತಗ್ಗಿಸದೆ ಓಡಿಸಬಹುದಾದ ಗಾಡಿ ಸೈಕಲ್. ಹಾಗಾಗಿ ಅದನ್ನು ಆರಿಸುವಾಗ ಆಟದ ಸಾಮಾನು ಕೊಂಡಂತೆ ಕೊಳ್ಳಬಾರದು.

ನನ್ನ ಮನಸ್ಸು ಬದಲಾದದ್ದು ಒಂದು ವಾರದಲ್ಲಿ. ಪದ್ಮನಾಭನಗರದಲ್ಲಿರುವ ಖಾಲಾ ಮಗ, ನಾವು ಭಾಯ್‌ಜಾನ್ ಎನ್ನುವವರು, ಕೆಲಸಕ್ಕೆ ಸೇರಿದ ಮೇಲೆ ಒಳ್ಳೆಯ ರೋಡ್ ಬೈಕ್ ಕೊಂಡಿದ್ದಾರೆ. ನಂದಿ ಬೆಟ್ಟದವರೆಗೆ ಹೋಗಿ ಬಂದಿದ್ದಾರೆ. "ಕೊಳ್ಳುವ ಮೊದಲು ಒಂದು ವಾರ ಇದರಲ್ಲೇ ಕಾಲೇಜಿಗೆ ಹೋಗಿ ನೋಡು" ಎಂದು ಕೀ ಕೊಟ್ಟರು. ಕತ್ರಿಗುಪ್ಪೆ ಸಿಗ್ನಲ್, ವಿದ್ಯಾಪೀಠ ಸರ್ಕಲ್, ನೆಟ್ಟಕಲ್ಲಪ್ಪ ಸರ್ಕಲ್, ಸೌತ್ ಎಂಡ್ ಸರ್ಕಲ್ ದಾಟಿ ನಮ್ಮ ಕಾಲೇಜಿಗೆ ಸುಮಾರು ಆರೂವರೆ ಕಿ.ಮೀ. ಸೋಮವಾರ ಗಾಳಿಯಲ್ಲಿ ತೇಲಿದಂತೆ ಬಂದೆ. ಮಂಗಳವಾರ ಒಂದು ಹಂಪ್ ಕಾಣಲಿಲ್ಲ. ಬಣ್ಣ ಹೊಡೆಯದ ಹಂಪ್‌ಗಳು ನಮ್ಮ ಕಡೆ ಬೇಕಾದಷ್ಟಿವೆ. 25 ಮಿ.ಮೀ. ಅಗಲದ ಟೈರು ಅದರ ಮೇಲೆ ಹತ್ತಿ ಇಳಿದಾಗ ನನ್ನ ಹಲ್ಲು ಕಟಕಟ ಎಂದವು. ಬುಧವಾರ ಪಂಕ್ಚರ್.

ಪಂಕ್ಚರ್ ಯಾವ ಸೈಕಲ್ಲಿಗೂ ಆಗುತ್ತದೆ. ತೊಂದರೆ ಬೇರೆ ಕಡೆ ಇತ್ತು. ಆ ಟ್ಯೂಬಿನ ವಾಲ್ವ್ ಪ್ರೆಸ್ಟಾ ಎಂಬ ಸಣ್ಣ ಮೂತಿಯದ್ದು. ಪಂಕ್ಚರ್ ಅಂಗಡಿಯವರು ಪ್ಯಾಚ್ ಹಾಕಿಕೊಟ್ಟರು, ಆದರೆ ಅವರ ಗಾಳಿ ಪೈಪು ಸ್ಕೂಟರ್, ಕಾರಿನ ದಪ್ಪ ವಾಲ್ವಿಗೆ ಕೂರುವಂಥದ್ದು. ನಡುವೆ ಹಾಕುವ ಅಡಾಪ್ಟರ್ ಎಂಬ ಹಿತ್ತಾಳೆಯ ಚೂರು ನನ್ನ ಬಳಿ ಇರಲಿಲ್ಲ. ಸೈಕಲ್ ತಳ್ಳಿಕೊಂಡು ಎರಡು ಕಿ.ಮೀ. ನಡೆದೆ. ಆ ದಿನ ಲೆಕ್ಕಶಾಸ್ತ್ರದ ಕಿರು ಪರೀಕ್ಷೆ. ಒಳಗೆ ಕೂರುವಷ್ಟರಲ್ಲಿ ಅರ್ಧ ಹೊತ್ತು ಮುಗಿದಿತ್ತು. ಬಂದ ಅಂಕ ಇಲ್ಲಿ ಬರೆಯುವುದಿಲ್ಲ.

ಗುರುವಾರ ಸಂಜೆ ಮಳೆ. ಮಡ್‌ಗಾರ್ಡ್ ಇಲ್ಲದ ಹಿಂದಿನ ಚಕ್ರ ರಸ್ತೆಯ ಕೆಸರನ್ನೆಲ್ಲ ಎತ್ತಿ ನನ್ನ ಬೆನ್ನಿಗೆ ಉದ್ದ ನಾಮ ಎಳೆದಂತೆ ಬಳಿದಿತ್ತು. ಬ್ಯಾಗಿನೊಳಗಿನ ವ್ಯವಹಾರ ಅಧ್ಯಯನದ ನೋಟ್ಸ್ ಕೂಡ ಒದ್ದೆ. ಶುಕ್ರವಾರ ಜುಮಾ ಇದೆ ಎಂದು ಬಿಳಿ ಪೈಜಾಮ ಹಾಕಿದ್ದೆ. ಚೈನ್ ಕವರ್ ಇಲ್ಲದ ಸೈಕಲ್ಲು ಬಿಳಿ ಪೈಜಾಮಕ್ಕೆ ಏನು ಮಾಡುತ್ತದೆ ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಅಮ್ಮಿ ಸೀಮೆಎಣ್ಣೆ, ನಿಂಬೆಹಣ್ಣು ಎಲ್ಲ ಪ್ರಯೋಗ ಮಾಡಿದರು. ಆ ಕಲೆ ಇವತ್ತಿಗೂ ಇದೆ.

ಇಷ್ಟಾದರೂ ವೇಗದಲ್ಲಿ ಲಾಭ ಇದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮುಂದಿನ ವಾರ ಗೆಳೆಯನ ಹೈಬ್ರಿಡ್ ಸೈಕಲ್ ಕೇಳಿ ಪಡೆದು ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ ಬಂದು ಮೊಬೈಲಿನಲ್ಲಿ ಸಮಯ ಅಳೆದೆ. ರೋಡ್ ಬೈಕಿನಲ್ಲಿ ಸರಾಸರಿ 24 ನಿಮಿಷ ಆಗಿತ್ತು. ಹೈಬ್ರಿಡ್‌ನಲ್ಲಿ 26. ಕಾರಣ ಸರಳ: ನಾವು ಎಷ್ಟು ಜೋರಾಗಿ ತುಳಿದರೂ ಮುಂದಿನ ಸಿಗ್ನಲ್ಲಿನಲ್ಲಿ ಅದೇ ಬಸ್ಸಿನ ಹಿಂದೆ ನಿಲ್ಲುತ್ತೇವೆ. ಎರಡು ನಿಮಿಷಕ್ಕಾಗಿ ದುಪ್ಪಟ್ಟು ದುಡ್ಡು ಕೊಡಬೇಕೇ ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು.

ವಾಣಿಜ್ಯ ವಿದ್ಯಾರ್ಥಿ ಎಂದ ಮೇಲೆ ಲೆಕ್ಕ ಹಾಕಬೇಕು. ನಾನು ನೋಡಿದ ಅಂಗಡಿಗಳಲ್ಲಿ ಹೆಲ್ಮೆಟ್, ಬೀಗ, ದೀಪ ಸೇರಿ ಸಾಧಾರಣ ರೋಡ್ ಬೈಕಿಗೆ 32,000 ರೂ. ಆಗುತ್ತಿತ್ತು. ಹೈಬ್ರಿಡ್‌ಗೆ ಅದೆಲ್ಲದರ ಜೊತೆ ಮಡ್‌ಗಾರ್ಡ್, ಕ್ಯಾರಿಯರ್ ಸೇರಿ 18,000 ರೂ. ಮೂರು ವರ್ಷ ಬಳಸಿ ಮಾರುತ್ತೇವೆ ಎಂದಿಟ್ಟುಕೊಳ್ಳಿ. ರೋಡ್ ಬೈಕಿಗೆ 14,000 ರೂ. ಬಂದರೆ ಸವಕಳಿ 18,000 ರೂ. ವರ್ಷಕ್ಕೆ ರಿಪೇರಿ 1,200ರಂತೆ 3,600 ರೂ. ಒಟ್ಟು 21,600 ರೂ. ಭಾಯ್‌ಜಾನ್ ಹಾಗೆ ತಿಂಗಳಿಗೆ ಎರಡು ಭಾನುವಾರ ತೆಗೆದರೆ ಮೂರು ವರ್ಷದಲ್ಲಿ 72 ಸವಾರಿ. ಒಂದು ಸವಾರಿಗೆ 300 ರೂ. ಹೈಬ್ರಿಡ್‌ಗೆ 6,000 ರೂ. ಬಂದರೆ ಸವಕಳಿ 12,000 ರೂ. ದಿನವೂ ಓಡುವುದರಿಂದ ರಿಪೇರಿ ಹೆಚ್ಚು, ವರ್ಷಕ್ಕೆ 2,400ರಂತೆ 7,200 ರೂ. ಒಟ್ಟು 19,200 ರೂ. ವರ್ಷಕ್ಕೆ 180 ಕಾಲೇಜು ದಿನ, 20 ಭಾನುವಾರ ಎಂದರೆ ಮೂರು ವರ್ಷಕ್ಕೆ 600 ದಿನ. ದಿನಕ್ಕೆ 32 ರೂ. ಇವು ನಾನು ಇಟ್ಟುಕೊಂಡ ಅಂಕಿಗಳು, ನಿಮ್ಮವು ಬೇರೆ ಇರಬಹುದು. ಆದರೆ ಲೆಕ್ಕವನ್ನು ತಿರುಗಿಸಿ ಹಾಕಿ ನೋಡಿ. ಸೈಕಲ್ಲಿನ ನಿಜವಾದ ಬೆಲೆ ಗೊತ್ತಾಗುವುದು ಬೆಲೆಪಟ್ಟಿಯಿಂದಲ್ಲ, ಅದು ವರ್ಷಕ್ಕೆ ಎಷ್ಟು ದಿನ ಮನೆಯಿಂದ ಹೊರಗೆ ಹೋಗುತ್ತದೆ ಎಂಬುದರಿಂದ.

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಹಿಂದೆ ತೆರಿಗೆ ಸೇರಿ 15,000 ರೂ. ಇದ್ದ ಸೈಕಲ್ಲಿಗೆ ಸುಮಾರು 937 ರೂ. ಉಳಿಯಬೇಕು. ಬಿಲ್ ಕೇಳಿ ಪಡೆಯಿರಿ, ತೆರಿಗೆಯ ಸಾಲನ್ನು ಓದಿ. ಆ ದುಡ್ಡಿಗೆ ಒಂದು ಹೆಲ್ಮೆಟ್ ಬರುತ್ತದೆ.

ವ್ಯಾಯಾಮದ ಮಾತಿಗೆ ಬರೋಣ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರುವಂತೆ ದೇಹ ದಣಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಲೇಜಿಗೆ ಹೋಗಲು 26, ಬರಲು 26, ಒಟ್ಟು 52 ನಿಮಿಷ. ಟ್ಯೂಷನ್ನಿಗೆ ಒಂದು ಸುತ್ತು ಹೋದರೆ ಲೆಕ್ಕ ಭರ್ತಿ. ವಾರಕ್ಕೊಮ್ಮೆ ಎರಡು ಗಂಟೆ ತುಳಿದು ಆರು ದಿನ ಕುಳಿತರೆ ಇದು ಸಿಗುವುದಿಲ್ಲ. ಹಾಗೆಂದು ಭಾನುವಾರವನ್ನು ನಾನು ಬಿಟ್ಟಿಲ್ಲ. ಫಜರ್ ನಮಾಝ್ ಮುಗಿಸಿ ಹೊರಟರೆ ರಿಂಗ್ ರಸ್ತೆ ಖಾಲಿ ಇರುತ್ತದೆ. ತುರಹಳ್ಳಿ ಕಾಡಿನ ಅಂಚಿನವರೆಗೆ ಹೋಗಿ ಬಂದರೆ ಬೆಳಗಿನ ತಿಂಡಿಗೆ ಮನೆಯಲ್ಲಿರಬಹುದು. ಕೆಂಗೇರಿ ದಾಟಿ ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ ಹೋಗಿಬರಲು ಸುಮಾರು 40 ಕಿ.ಮೀ. ಅಲ್ಲಿಗೂ ನನ್ನ ಹೈಬ್ರಿಡ್ ಹೋಗಿ ಬಂದಿದೆ. ಭಾಯ್‌ಜಾನ್ ನನಗಿಂತ ಮೊದಲು ಮುಟ್ಟಿದರು, ಎಳನೀರು ಕೊಡಿಸಲು ಕಾಯುತ್ತಿದ್ದರು. ನನಗೆ ನಷ್ಟವೇನೂ ಆಗಲಿಲ್ಲ.

ರೋಡ್ ಬೈಕ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನೂರು ಕಿ.ಮೀ. ದೂರಕ್ಕೆ, ಎದುರು ಗಾಳಿಗೆ ಬಾಗಿದ ಹ್ಯಾಂಡಲ್ಲಿಗೆ ಸಮನಾದದ್ದಿಲ್ಲ. ಸ್ಪರ್ಧೆಗೆ ಹೋಗುವವರು, ಮನೆಯಲ್ಲಿ ಇನ್ನೊಂದು ಗಾಡಿ ಇರುವವರು ಖಂಡಿತ ಕೊಳ್ಳಲಿ. ರೋಡ್ ಬೈಕೇ ಬೇಕು, ಕಾಲೇಜಿಗೂ ಅದೇ ಬೇಕು ಎನ್ನುವವರು 32 ಮಿ.ಮೀ. ಟೈರಿಗೆ ಜಾಗ ಇದೆಯೇ, ಮಡ್‌ಗಾರ್ಡ್ ಕೂರಿಸುವ ತೂತುಗಳು ಫ್ರೇಮಿನಲ್ಲಿ ಇವೆಯೇ ಎಂದು ಮೊದಲು ನೋಡಲಿ. ಎರಡೂ ಇದ್ದರೆ ಅದು ನನ್ನ ವಾದಕ್ಕೆ ಹೊರಗಲ್ಲ.

ನಮ್ಮ ಮನೆಯಲ್ಲಿ ಕೊನೆಯ ತೀರ್ಮಾನ ಮಾಡಿಸಿದ್ದು ಮಾತ್ರ ಲೆಕ್ಕವಲ್ಲ, ತಂಗಿ. ಅವಳು ಹತ್ತನೇ ತರಗತಿ. ನಾನು ಮೊಬೈಲಿನಲ್ಲಿ ರೋಡ್ ಬೈಕ್ ತೋರಿಸಿದಾಗ ಕೇಳಿದಳು: "ಭಾಯ್, ಇದನ್ನ ನಾನು ಓಡಿಸೋಕಾಗುತ್ತಾ?" ನನ್ನ ಬಳಿ ಉತ್ತರ ಇರಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಬಸ್ಸು ಉಚಿತ, ನಿಜ. ಆದರೆ ಬಸ್ಸು ಬಾರದ ಮೂರು ಕ್ರಾಸ್ ಒಳಗಿನ ಟ್ಯೂಷನ್ನಿಗೆ, ಲೈಬ್ರರಿಗೆ ಅವಳು ನನ್ನನ್ನೋ ಅಬ್ಬಾರನ್ನೋ ಕಾಯಬೇಕು. ಈದಿ ಕೂಡಿಸಿದ ನನ್ನ 7,000 ರೂ. ಬಿಟ್ಟರೆ ಉಳಿದದ್ದು ಅಬ್ಬಾ ದುಡ್ಡು. ಅಂದರೆ ಅದರಲ್ಲಿ ಅವಳ ಪಾಲೂ ಇದೆ. ಹಾಗಾಗಿ ನಡುವಿನ ಕಂಬಿ ಕೆಳಕ್ಕೆ ಇಳಿದಿರುವ ಫ್ರೇಮ್ ನೋಡಿದೆವು. ಚೈನಿಗೆ ಕವರ್, ಬುರ್ಖಾ ಅಥವಾ ದುಪಟ್ಟಾ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಪಕ್ಕಕ್ಕೆ ಜಾಲರಿ ಹಾಕಿಸಿದೆವು. ಸೀಟು ಕೈಯಲ್ಲೇ ಮೇಲೆ ಕೆಳಗೆ ಮಾಡಬಹುದು. ಈಗ ಬೆಳಿಗ್ಗೆ ಅದು ನನ್ನದು, ಸಂಜೆ ಐದರ ಮೇಲೆ ಅವಳದು. "ಲೇಡೀಸ್ ಸೈಕಲ್" ಎಂದು ಹಿಂದಿನ ಬೆಂಚಿನವರು ಹಾಸ್ಯ ಮಾಡಿದ್ದಾರೆ. ಜುಮಾ ದಿನ ಉದ್ದ ಜುಬ್ಬ ಹಾಕಿಕೊಂಡು ಎತ್ತರದ ಕಂಬಿಯ ಮೇಲೆ ಕಾಲು ಎತ್ತಿ ಹತ್ತಿ ನೋಡಿ, ಆಮೇಲೆ ಮಾತಾಡೋಣ.

ದಾದಾ ಬಳಿ ಕಪ್ಪು ಅಟ್ಲಾಸ್ ಸೈಕಲ್ ಇತ್ತಂತೆ. ಪೂರ್ತಿ ಚೈನ್ ಕವರ್, ಎರಡೂ ಕಡೆ ಮಡ್‌ಗಾರ್ಡ್, ದಪ್ಪ ಕ್ಯಾರಿಯರ್, ಎರಡು ಕಾಲಿನ ಸ್ಟ್ಯಾಂಡ್, ಬೀಗ. ಅದರಲ್ಲೇ ಸಿಟಿ ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದರಂತೆ. ಅದೊಂದು ಹಳೆಯ ತೂಕದ ಗಾಡಿ ಎಂದು ನಾನು ನಗುತ್ತಿದ್ದೆ. ಈಗ ನೋಡಿದರೆ ನಾನು ಒಂದೊಂದಾಗಿ ದುಡ್ಡು ಕೊಟ್ಟು ಹಾಕಿಸಿದ್ದೆಲ್ಲ ಅದರಲ್ಲಿ ಮೊದಲೇ ಇತ್ತು. ದಿನವೂ ಸೈಕಲ್ ತುಳಿಯುವವರಿಗೆ ಏನು ಬೇಕು ಎಂಬುದು ಅವರ ಕಾಲದವರಿಗೆ ಗೊತ್ತಿತ್ತು.

ಕೊಳ್ಳಲು ಹೊರಟವರಿಗೆ ನನ್ನ ಅನುಭವದ ನಾಲ್ಕು ಮಾತು. ಟೈರು 32ರಿಂದ 40 ಮಿ.ಮೀ. ಒಳಗಿರಲಿ, ವಾಲ್ವ್ ಸ್ಕೂಟರಿನಂಥದ್ದೇ ಇರಲಿ. ಗೇರುಗಳು ಮೂರು ಸಾಲು ಇರಬೇಕಿಲ್ಲ, ಹಿಂದೆ ಏಳೆಂಟು ಇದ್ದರೆ ನಮ್ಮ ದಾರಿಯ ಏರಿಗೆ ಸಾಕು. ರಂಜಾನ್‌ನಲ್ಲಿ ರೋಜಾ ಇದ್ದಾಗ ಮಧ್ಯಾಹ್ನದ ಬಿಸಿಲಿನಲ್ಲಿ ಸಣ್ಣ ಗೇರು ಎಷ್ಟು ಉಪಕಾರ ಎಂದು ಗೊತ್ತಾಗುತ್ತದೆ. ಬ್ರೇಕ್ ಹಿಡಿಕೆ ಯಾವಾಗಲೂ ಬೆರಳಿಗೆ ಸಿಗುವಂತಿರಲಿ, ರಿಂಗ್ ರಸ್ತೆಯಲ್ಲಿ ಆಟೋ ಹೇಳಿ ತಿರುಗುವುದಿಲ್ಲ. ಕೊನೆಯದಾಗಿ, ಬ್ಯಾಗು ಹೆಗಲಿಗೆ ಹಾಕಿಕೊಂಡೇ ಅಂಗಡಿಯ ಮುಂದೆ ಎರಡು ಸುತ್ತು ಹೊಡೆದು ನೋಡಿ. ಪುಸ್ತಕದ ಭಾರ ಇಲ್ಲದಾಗ ಎಲ್ಲ ಸೈಕಲ್ಲೂ ಹಗುರವೇ.

ಒಳ್ಳೆಯ ಸೈಕಲ್ ಇದ್ದರೆ ಸಾಲದು, ದಾರಿ ಮತ್ತು ನಿಲ್ಲಿಸುವ ಜಾಗವೂ ಬೇಕು. ಸುಮಾರು 2012ರಲ್ಲಿ ಜಯನಗರದ ಕೆಲವು ರಸ್ತೆಗಳಲ್ಲಿ ಸೈಕಲ್‌ಗೆಂದೇ ಪಥ ಮಾಡಿದ್ದರು. ಅದರ ಮೇಲೆ ಕಾರು ನಿಲ್ಲುವುದನ್ನು ನೋಡಿ ಬೆಳೆದವರು ನಾವು. ನಗರವನ್ನು ಸರಿ ಮಾಡುವುದು ನಮ್ಮ ಕೈಯಲ್ಲಿಲ್ಲದಿರಬಹುದು, ಆದರೆ ನಮ್ಮ ಗೇಟಿನ ಒಳಗೆ ಒಂದು ಕೆಲಸ ಆಗಬಹುದು. ಈಗ ನಮ್ಮ ಸೈಕಲ್‌ಗಳು ಗೋಡೆಗೆ ಒರಗಿ ಮಳೆಯಲ್ಲಿ ನೆನೆಯುತ್ತವೆ. ನಾನು ಎಣಿಸಿದ ದಿನ ಹನ್ನೊಂದು ಇದ್ದವು. ತಗಡಿನ ಒಂದು ಮಾಡು, ಬೀಗ ಹಾಕಲು ನೆಲಕ್ಕೆ ಹೂತ ಕಬ್ಬಿಣದ ಕಂಬಿ, ಪಕ್ಕದಲ್ಲಿ ಒಂದು ಗಾಳಿ ಪಂಪು. ಪ್ರಾಂಶುಪಾಲರಿಗೂ ಆಡಳಿತ ಮಂಡಳಿಗೂ ಇದು ನಮ್ಮ ಮನವಿ. ಪಂಪಿನ ಖರ್ಚನ್ನು ಸೈಕಲ್ಲಿನವರೇ ಹಂಚಿಕೊಳ್ಳಲು ಸಿದ್ಧ, ಹನ್ನೊಂದು ಜನರನ್ನೂ ಕೇಳಿದ್ದೇನೆ.

ಸೋಮವಾರ ಯಾರಾದರೂ ಕತ್ರಿಗುಪ್ಪೆ ಕಡೆಯಿಂದ ಬರುವವರಿದ್ದರೆ 7.50ಕ್ಕೆ ಸಿಗ್ನಲ್ ಹತ್ತಿರ ಸಿಗಿ. ನನ್ನ ಬಳಿ ಈಗ ಎರಡೂ ಬಗೆಯ ವಾಲ್ವಿಗೆ ಅಡಾಪ್ಟರ್ ಇದೆ. ರೋಡ್ ಬೈಕಿನವರೂ ಬರಬಹುದು.