ಟಿನ್ ಫ್ಯಾಕ್ಟರಿ ಜಾಮ್‌ನಲ್ಲಿ ರ‍್ಯಾಮ್ ಏರ್

ಬುಧವಾರ ರಾತ್ರಿ ಹನ್ನೊಂದಕ್ಕೆ ತಮ್ಮನ ವಾಟ್ಸಾಪ್ ಬಂತು. ಒಂದು ರೀಲ್, ಅದರ ಕೆಳಗೆ ಒಂದೇ ಸಾಲು: "ಅಣ್ಣಾ, ಇದು ಹಾಕಿಸ್ಲಾ? 24 ಸಾವಿರ ಅಷ್ಟೇ."

ರೀಲ್‌ನಲ್ಲಿ ಒಬ್ಬ ಹುಡುಗ ಸ್ವಿಫ್ಟ್‌ನ ಬಾನೆಟ್ ಎತ್ತಿ, ಏರ್ ಫಿಲ್ಟರ್ ಇರೋ ಕಪ್ಪು ಡಬ್ಬಿ ಕಿತ್ತು, ಆ ಜಾಗಕ್ಕೆ ಫಳಫಳ ಹೊಳೆಯೋ ಅಲ್ಯುಮಿನಿಯಂ ಪೈಪ್ ಜೋಡಿಸ್ತಾನೆ. ಪೈಪಿನ ಬಾಯಿ ಬಂಪರ್‌ನಲ್ಲಿ, ಫಾಗ್ ಲ್ಯಾಂಪ್ ಪಕ್ಕ. ಗಾಡಿ ಓಡ್ತಾ ಇದ್ದ ಹಾಗೆ ಗಾಳಿ ತಾನಾಗೇ ಎಂಜಿನ್‌ಗೆ ನುಗ್ಗುತ್ತಂತೆ, 15 ಹಾರ್ಸ್‌ಪವರ್ ಜಾಸ್ತಿ ಆಗುತ್ತಂತೆ.

ತಮ್ಮ ಓಡಿಸೋದು ಅಪ್ಪನ 2012ರ ಪೆಟ್ರೋಲ್ ಸ್ವಿಫ್ಟ್. ಕೆಲಸಕ್ಕೆ ಸೇರಿದ ತಿಂಗಳು ಅಪ್ಪನೇ ಕೀ ಕೊಟ್ಟಿದ್ದರು. ಮನೆ ಹಲಸೂರು, ಆಫೀಸು ಕೆ.ಆರ್. ಪುರದ ಆಚೆ. "ದಿನಾ ಎಷ್ಟು ಸ್ಪೀಡಲ್ಲಿ ಹೋಗ್ತೀಯ?" ಅಂತ ಕೇಳಿದೆ. "ಟಿನ್ ಫ್ಯಾಕ್ಟರಿ ಹತ್ರ ಸ್ಪೀಡಾ?" ಅಂತ ನಗೋ ಇಮೋಜಿ ಹಾಕಿದ. ಉತ್ತರ ಅಲ್ಲೇ ಇತ್ತು, ಅವನಿಗೆ ಕಾಣಲಿಲ್ಲ.

ರ‍್ಯಾಮ್ ಏರ್ ಸುಳ್ಳೇನಲ್ಲ. ಬೀಸೋ ಗಾಳಿಗೆ ಎದುರಾಗಿ ಬಾಯಿ ತೆರೆದರೆ ಒತ್ತಡ ಏರುತ್ತೆ. ಆದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು, ವೇಗ ಅರ್ಧವಾದರೆ ಒತ್ತಡ ಕಾಲು ಭಾಗ. ಲೆಕ್ಕ ಹಾಕಿ ನೋಡಿದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ, ಎಲ್ಲಾ ಸರಿಯಾಗಿ ಕೂಡಿಬಂದರೂ, ಸಿಗೋ ಹೆಚ್ಚಿನ ಒತ್ತಡ ಅರ್ಧ ಪರ್ಸೆಂಟ್‌ಗೂ ಕಡಿಮೆ. ಸುಮಾರು 85 ಹಾರ್ಸ್‌ಪವರ್‌ನ ಗಾಡಿಗೆ ಅರ್ಧ ಹಾರ್ಸ್‌ಪವರ್ ಕೂಡ ಆಗಲ್ಲ. 40 ಕಿ.ಮೀ. ವೇಗದಲ್ಲಂತೂ 50 ವ್ಯಾಟ್‌ಗೂ ಕಮ್ಮಿ. ನಮ್ಮ ಮನೆ ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿನ್ನುತ್ತೆ.

ಅದೂ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ. ಪೆಟ್ರೋಲ್ ಕಾರಲ್ಲಿ ಆಕ್ಸಿಲರೇಟರ್ ಅಂದ್ರೆ ಗಾಳಿಗೆ ಇಟ್ಟ ಬಾಗಿಲು. ಜಾಮ್‌ನಲ್ಲಿ ಕಾಲು ಮೆಲ್ಲಗೆ ಇಟ್ಟಿರ್ತೀವಿ, ಬಾಗಿಲು ಹೆಚ್ಚುಕಮ್ಮಿ ಮುಚ್ಚೇ ಇರುತ್ತೆ. ಬಾಗಿಲು ಮುಚ್ಚಿಕೊಂಡು ಗೇಟ್ ದೊಡ್ಡದು ಮಾಡಿಸಿದ ಹಾಗೆ ಈ ಪೈಪು.

ಇನ್ನೊಂದು ತಮಾಷೆ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಮಂಗಳೂರಿನ ಗಾಳಿಗಿಂತ ನಮ್ಮ ಗಾಳಿ ಸುಮಾರು ಹತ್ತು ಪರ್ಸೆಂಟ್ ತೆಳು. ಟರ್ಬೊ ಇಲ್ಲದ ಕಾರು ಇಲ್ಲಿ ಅಷ್ಟು ಶಕ್ತಿ ಮೊದಲೇ ಕಳಕೊಂಡಿರುತ್ತೆ. 24 ಸಾವಿರ ಕೊಟ್ಟು ಹಾಕಿಸಿದ ಪೈಪು, ನೂರರ ವೇಗದಲ್ಲಿ, ಅದರಲ್ಲಿ ಇಪ್ಪತ್ತನೇ ಒಂದು ಭಾಗವನ್ನೂ ವಾಪಸ್ ಕೊಡಲ್ಲ.

ಹಾಗಾದ್ರೆ ಯಾರಿಗೆ ಕೆಲಸಕ್ಕೆ ಬರುತ್ತೆ? ಕವಾಸಕಿ ತನ್ನ 2016ರ ಝಡ್‌ಎಕ್ಸ್-10ಆರ್ ಬೈಕಿಗೆ 200 ಪಿಎಸ್, ರ‍್ಯಾಮ್ ಏರ್ ಸೇರಿದರೆ 210 ಅಂತ ಹೇಳಿತ್ತು. ಅದು 300ರ ಹತ್ತಿರ ಓಡೋ ಬೈಕು. ಇನ್ನೂ ಚೆನ್ನಾಗಿ ನೋಡಬೇಕಾ? ಇಂದಿರಾನಗರದಿಂದ ಹಳೇ ಏರ್‌ಪೋರ್ಟ್ ರಸ್ತೆ ಹಿಡಿದು ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ. ಅಲ್ಲಿ ಮಾರುತ್ ಯುದ್ಧವಿಮಾನ ನಿಂತಿದೆ. ಕುರ್ಟ್ ಟ್ಯಾಂಕ್ ಅನ್ನೋ ಜರ್ಮನ್ ಎಂಜಿನಿಯರ್ ನಮ್ಮೂರಲ್ಲೇ ಕೂತು ವಿನ್ಯಾಸ ಮಾಡಿದ್ದು, ಮೊದಲು ಹಾರಿದ್ದು 1961ರಲ್ಲಿ. ಕಾಕ್‌ಪಿಟ್‌ನ ಎರಡೂ ಪಕ್ಕ ಗಾಳಿ ಒಳಗೆ ಹೋಗೋ ಬಾಯಿ ನೋಡಿ. ಶಬ್ದದ ವೇಗದಲ್ಲಿ ಎದುರು ಗಾಳಿಯ ಒತ್ತಡ ಸುಮಾರು 1.9 ಪಟ್ಟಾಗುತ್ತೆ. ರ‍್ಯಾಮ್ ಏರ್‌ನ ಮನೆ ಅದು.

"ಆದ್ರೆ ಹಾಕಿಸಿದೋರೆಲ್ಲ ಪಿಕಪ್ ಏರಿದೆ ಅಂತಾರಲ್ಲ ಅಣ್ಣಾ?" ಸದ್ದು ಏರುತ್ತೆ ಮಾರಾಯ. ಕಂಪನಿ ಡಬ್ಬಿಯ ಒಂದು ಕೆಲಸ ಗಾಳಿ ಎಳೆಯೋ ಸದ್ದು ಅಡಗಿಸೋದು. ಅದನ್ನ ತೆಗೆದರೆ ಎಂಜಿನ್ ಗುರ್ ಅನ್ನುತ್ತೆ, ನಮಗೆ ಗಾಡಿ ಹಾರಿದ ಹಾಗೆ ಅನಿಸುತ್ತೆ. ಕೆಲವು ಕಿಟ್‌ಗಳಲ್ಲಿ ಫಿಲ್ಟರ್ ಬಾನೆಟ್ ಒಳಗೇ ಬೆತ್ತಲೆಯಾಗಿ ಕೂತಿರುತ್ತೆ. ಅಲ್ಲಿ ಎಳೆಯೋದು ಬಿಸಿ ಗಾಳಿ. 30 ಡಿಗ್ರಿ ಬದಲು 60 ಡಿಗ್ರಿ ಗಾಳಿ ಕುಡಿದರೆ ಅದು ಒಂಬತ್ತು ಪರ್ಸೆಂಟ್ ತೆಳುವಾಗಿರುತ್ತೆ. ಇದ್ದಿದ್ದೂ ಹೋಯ್ತು. ಈಗಿನ ಬಹುತೇಕ ಕಾರುಗಳು ಮುಂದಿನ ಗ್ರಿಲ್ ಹತ್ತಿರ, ಎತ್ತರದ ಜಾಗದಿಂದ ತಣ್ಣನೆ ಗಾಳಿಯನ್ನೇ ತಗೊಳ್ಳೋದು.

ಎತ್ತರದ ಜಾಗ ಅಂದೆನಲ್ಲ, ಇದುವರೆಗೆ ಮನೇಲಿ ಹೇಳದ ಮಾತು ಬರೋದು ಇಲ್ಲಿ.

2022ರ ಸೆಪ್ಟೆಂಬರ್ ಮಳೆ ನೆನಪಿದೆಯಾ? ಹೊರ ವರ್ತುಲ ರಸ್ತೆ ಕೆರೆಯಾಗಿ, ಐಟಿ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ವಾರ. ಆಗ ನನ್ನ ಹಳೇ ಕಾರಿಗೂ ಇಂಥದ್ದೇ ಪೈಪ್ ಇತ್ತು. ಮಹದೇವಪುರದ ಹತ್ತಿರ ಮುಂದಿದ್ದ ಕಾರುಗಳು ಮೆಲ್ಲಗೆ ನೀರು ದಾಟಿದವು. ನಾನೂ ಹಿಂದೆ ಹೋದೆ. ನೀರು ಬಂಪರ್ ಮುಟ್ಟಿತಷ್ಟೇ, ಟಕ್ ಅಂತ ಒಂದು ಸದ್ದು, ಗಾಡಿ ನಿಂತಿತು. ಪೈಪು ಗಾಳಿ ಜೊತೆ ನೀರನ್ನೂ ಎಳೆದಿತ್ತು. ಗಾಳಿ ಕುಗ್ಗುತ್ತೆ, ನೀರು ಕುಗ್ಗಲ್ಲ. ಪಿಸ್ಟನ್ ಮೇಲೆ ಬರೋಕಾಗದೆ ಕನೆಕ್ಟಿಂಗ್ ರಾಡ್ ಬಗ್ಗಿತ್ತು. ಎಂಜಿನ್ ಕೆಲಸಕ್ಕೆ 86 ಸಾವಿರ. ಇನ್ಶೂರೆನ್ಸ್‌ನವರು ಪೈಪ್ ನೋಡಿ ಕೈ ಎತ್ತಿದರು. ನನ್ನ ಹತ್ರ ಅಷ್ಟು ದುಡ್ಡಿರಲಿಲ್ಲ. ಅಪ್ಪ ಎಫ್‌ಡಿ ಮುರಿಸಿ 40 ಸಾವಿರ ಕೊಟ್ಟರು. "ಮಳೆ, ಯಾರೇನು ಮಾಡೋಕಾಗುತ್ತೆ" ಅಂದರು. ನಾನು ಹೂಂ ಅಂದೆ. ಪೈಪಿನ ವಿಷಯ ಬಾಯಿ ಬಿಡಲಿಲ್ಲ.

ಇದನ್ನೆಲ್ಲ ತಮ್ಮನಿಗೆ ವಾಯ್ಸ್ ನೋಟ್ ಮಾಡಿ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಶನಿವಾರ ಅವನೇ ಗಾಡಿ ತಂದ. ಇಬ್ಬರೂ ಶಿವಾಜಿನಗರಕ್ಕೆ ಹೋದ್ವಿ, ನನಗೆ ಪರಿಚಯದ ಮೆಕ್ಯಾನಿಕ್ ಭಾಯ್ ಹತ್ರ. ಅವರು ಕಪ್ಪು ಡಬ್ಬಿಯ ಕ್ಲಿಪ್ ಬಿಚ್ಚಿ ಫಿಲ್ಟರ್ ಹೊರಗೆ ತೆಗೆದರು. ಧೂಳು, ಒಣಗಿದ ಹೊಂಗೆ ಎಲೆ, ಒಂದು ಸತ್ತ ಜಿರಳೆ. "ಇದಕ್ಕೆ ಪೈಪ್ ಬೇಕಾ ಸಾರ್, ಪೊರಕೆ ಬೇಕು" ಅಂದರು. ಹೊಸ ಪೇಪರ್ ಫಿಲ್ಟರ್‌ಗೆ ನಾನೂರು ಚಿಲ್ಲರೆ. ಮೈಲೇಜ್ ಏರುತ್ತೆ ಅಂದ್ಕೋಬೇಡಿ. ಇಂಜೆಕ್ಷನ್ ಗಾಡಿಯ ಕಂಪ್ಯೂಟರ್ ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಹಾಕುತ್ತೆ. ಓವರ್‌ಟೇಕ್ ಮಾಡುವಾಗ ಪೂರ್ತಿ ಒತ್ತಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತೆ.

ಆಮೇಲೆ ಭಾಯ್ ಬಗ್ಗಿ ಟೈರ್ ಮೇಲಿನ ನಾಲ್ಕಂಕಿ ತೋರಿಸಿದರು: 2316. ಅಂದ್ರೆ 2016ರ 23ನೇ ವಾರದಲ್ಲಿ ತಯಾರಾದ ಟೈರ್. ಪಕ್ಕದಲ್ಲಿ ಸಣ್ಣ ಬಿರುಕುಗಳಿದ್ದವು. ತಮ್ಮನ 24 ಸಾವಿರದಲ್ಲಿ ಬಹುಪಾಲು ಅಲ್ಲಿಗೇ ಹೋಯ್ತು.

ಅಮ್ಮ ಈ ಅಂಕಣ ತಪ್ಪದೆ ಓದ್ತಾರೆ, ಓದಿ ಅಪ್ಪನಿಗೂ ಕೇಳಿಸ್ತಾರೆ. ಹಾಗಾಗಿ ಇದನ್ನ ಕಳಿಸೋ ಮುಂಚೆ, ಭಾನುವಾರ ತಿಂಡಿ ಹೊತ್ತಿಗೆ ನಾನೇ ಅಪ್ಪನಿಗೆ ಎಲ್ಲಾ ಹೇಳಿದೆ. ಅವರು ಪೇಪರ್‌ನಿಂದ ತಲೆ ಎತ್ತಲಿಲ್ಲ.

"ಆ ಪೈಪ್ ಈಗ ಎಲ್ಲಿದೆ?"

"ಅಟ್ಟದ ಮೇಲೆ."

"ಗುಜರಿಗೆ ಹಾಕು. ಅಲ್ಯುಮಿನಿಯಂಗೆ ಒಳ್ಳೆ ರೇಟಿದೆ."