ಹೃದ್ರೋಗ ತಜ್ಞರ ಸಂಘವೂ ಗರಿಯಾಹಾಟಿನ ಕಾರ್ಮಿಕನೂ

2024ರ ಮಳೆಗಾಲದಲ್ಲಿ ನಮ್ಮ ದೇಶದ ವೈದ್ಯರ ಸಂಘಗಳು ಎರಡು ಕಾರ್ಯಗಳನ್ನು ಮಾಡಿದವು. ಒಂದನ್ನು ಕಲ್ಕತ್ತೆಯ ಮಕ್ಕಳೂ ಬಲ್ಲರು. ಆಗಸ್ಟ್ 9ರಂದು ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ಕರ್ತವ್ಯದ ಮೇಲಿದ್ದ ತರುಣ ವೈದ್ಯೆಯೊಬ್ಬರು ಅತ್ಯಾಚಾರಕ್ಕೊಳಗಾಗಿ ಕೊಲೆಯಾದರು. 17ರಂದು ಭಾರತೀಯ ವೈದ್ಯಕೀಯ ಸಂಘವು, ತುರ್ತು ಚಿಕಿತ್ಸೆಯೊಂದನ್ನುಳಿದು, ದೇಶದಾದ್ಯಂತ 24 ಗಂಟೆಗಳ ಕಾಲ ಸೇವೆಯನ್ನು ನಿಲ್ಲಿಸಲು ಕರೆಯಿತ್ತಿತು. ಇನ್ನೊಂದು ಕಾರ್ಯವು ಅದಕ್ಕೆ ಮುಂಚೆ, ಜುಲೈ ತಿಂಗಳಲ್ಲಿ, ಸದ್ದುಗದ್ದಲವಿಲ್ಲದೆ ನಡೆಯಿತು. ರಕ್ತದ ಕೊಬ್ಬಿನ ವಿಷಯವಾಗಿ ಭಾರತೀಯರಿಗೆಂದೇ ಸಿದ್ಧಪಡಿಸಿದ ಮೊದಲನೆಯ ಮಾರ್ಗಸೂಚಿಯನ್ನು ಹೃದ್ರೋಗ ತಜ್ಞರ ಸಂಘವಾದ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ಪ್ರಕಟಿಸಿತು. ಗರಿಯಾಹಾಟಿನ ಹೋಟೆಲುಗಳಲ್ಲಿ ದುಡಿಯುವ ನಮ್ಮವರಿಗೆ ಈ ಎರಡನೆಯ ಸುದ್ದಿ ತಲುಪಿದಂತೆ ಕಾಣುವುದಿಲ್ಲ.

ಮೊದಲನೆಯ ಕಾರ್ಯದ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಪ್ರಾಣಭಯದಲ್ಲಿರುವ ವೈದ್ಯರು ರೋಗಿಯ ಪ್ರಾಣವನ್ನು ಕಾಯುವುದೆಂತು? ಆದರೆ ಒಂದು ವೃತ್ತಿಯ ಗೌರವವು ರಕ್ಷಣೆಯೊಂದರಿಂದಲೇ ಬೆಳೆಯುವುದಿಲ್ಲ. ತನ್ನ ವಿದ್ಯೆಯನ್ನು ತಾನೇ ತಿದ್ದಿಕೊಳ್ಳುವುದರಿಂದ ಬೆಳೆಯುತ್ತದೆ. ತಜ್ಞರ ಸಂಘಗಳ ನಿಜವಾದ ಕೆಲಸವಿರುವುದು ಇಲ್ಲಿಯೇ.

ಈ ಹೃದ್ರೋಗ ತಜ್ಞರ ಸಂಘವು ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ, 1948ರಲ್ಲಿ. ಕಾಂಕುಡ್‌ಗಾಛಿಯಲ್ಲಿರುವ ಇಂಡಿಯನ್ ಹಾರ್ಟ್ ಹೌಸ್ ಅದರ ಕೇಂದ್ರ ಕಚೇರಿ. ಮರುವರ್ಷವೇ, ಅಂದರೆ 1949ರಲ್ಲಿ, ಅದು ಇಂಡಿಯನ್ ಹಾರ್ಟ್ ಜರ್ನಲ್ ಎಂಬ ಪತ್ರಿಕೆಯನ್ನು ಆರಂಭಿಸಿತು. ಒಂದು ಊರಿನ ವೈದ್ಯರು ಕಂಡುಕೊಂಡದ್ದು ಪತ್ರಿಕೆಯ ಮೂಲಕ ಮತ್ತೊಂದು ಊರಿನವರಿಗೆ ತಿಳಿಯುತ್ತದೆ. ವಾರ್ಷಿಕ ಸಮ್ಮೇಳನದಲ್ಲಿ ಕಿರಿಯರು ಹಿರಿಯರ ಎದುರು ತಮ್ಮ ಕೆಲಸವನ್ನು ಒರೆಗೆ ಹಚ್ಚುತ್ತಾರೆ. ಕಿನ್ನಿಗೋಳಿಯ ದೇವಿ ಶೆಟ್ಟಿಯವರು 1989ರಲ್ಲಿ ಈ ನಗರಕ್ಕೆ ಬಂದು ಶಸ್ತ್ರಚಿಕಿತ್ಸೆಯಲ್ಲಿ ಗಳಿಸಿದ ಕೀರ್ತಿಯನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಒಬ್ಬರ ಕೈಗುಣವೆಷ್ಟೇ ದೊಡ್ಡದಾದರೂ ಅದಕ್ಕೆ ಎಟುಕುವ ರೋಗಿಗಳು ಕೆಲವರು ಮಾತ್ರ. ಆ ಅರಿವು ಸಾವಿರಾರು ವೈದ್ಯರ ಕೈಗೆ ಹರಿಯಬೇಕಾದರೆ ಸಂಘ ಬೇಕು.

ಈಗ ಮಾರ್ಗಸೂಚಿಯ ಮಾತಿಗೆ ಬರೋಣ. ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಬ್ಬು ಸಾಮಾನ್ಯರಲ್ಲಿ ಡೆಸಿಲೀಟರಿಗೆ 100 ಮಿಲಿಗ್ರಾಂಗಿಂತಲೂ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ಹೆಚ್ಚಿನ ಅಪಾಯದಲ್ಲಿರುವವರಲ್ಲಿ 70ಕ್ಕಿಂತಲೂ ಕಡಿಮೆ ಇರಬೇಕೆಂದು ಅದು ಹೇಳುತ್ತದೆ. ಮೊದಲ ಪರೀಕ್ಷೆ 18ನೆಯ ವಯಸ್ಸಿಗೇ ಆಗಬೇಕೆನ್ನುತ್ತದೆ. ಇನ್ನೊಂದು ಮಾತು ನಮಗೆ ಮುಖ್ಯವಾದದ್ದು: ಈ ಪರೀಕ್ಷೆಗೆ ಸಾಮಾನ್ಯವಾಗಿ ಉಪವಾಸವಿರಬೇಕಾಗಿಲ್ಲ. ಕೇಳಲು ಇದು ಸಣ್ಣ ಸಂಗತಿ. ಆದರೆ ನಸುಕಿನಲ್ಲೇ ಒಲೆಯ ಮುಂದೆ ನಿಲ್ಲುವ ಅಡಿಗೆಯವರಿಗೆ, ಹತ್ತು ಗಂಟೆಗೆ ಕಚೇರಿಯಲ್ಲಿರಬೇಕಾದ ಗುಮಾಸ್ತರಿಗೆ, ಬರಿಹೊಟ್ಟೆಯಲ್ಲಿ ಪ್ರಯೋಗಾಲಯದ ಬಾಗಿಲು ಕಾಯುವುದೆಂದರೆ ಅರ್ಧ ದಿನದ ಸಂಬಳವೇ ಹೋದಂತೆ. ಮಧ್ಯಾಹ್ನ ಊಟದ ಗಿರಾಕಿಗಳು ತೆರಳಿದ ಮೇಲೆ ಹೋಗಿ ರಕ್ತ ಕೊಟ್ಟು ಬರಬಹುದಾದರೆ, ಪರೀಕ್ಷೆಯನ್ನು ವರ್ಷಗಟ್ಟಲೆ ಮುಂದೂಡಲು ಕಾರಣವಿಲ್ಲ.

ಹಾಗೆಂದು ಹೊಗಳಿಕೆಯಲ್ಲೇ ಮೈಮರೆಯುವುದು ತರವಲ್ಲ. 2017ರ ಫೆಬ್ರವರಿಯಲ್ಲಿ ಔಷಧ ಲೇಪಿತ ಸ್ಟೆಂಟಿನ ಬೆಲೆಗೆ 29,600 ರೂಪಾಯಿಗಳ ಮಿತಿ ಬಿದ್ದಿತು. ಬಡವರಿಗೆ ಎಷ್ಟೋ ಸಹಾಯವಾದ ಆ ಇಳಿಕೆ ಬಂದುದು ನ್ಯಾಯಾಲಯದ ಮೊಕದ್ದಮೆಯಿಂದ, ಸರ್ಕಾರದ ಆಜ್ಞೆಯಿಂದ. ಔಷಧ ಕಂಪೆನಿಗಳು ವೈದ್ಯರಿಗೆ ಉಡುಗೊರೆ, ಪ್ರವಾಸಗಳ ಸತ್ಕಾರ ನೀಡಬಾರದೆಂಬ ಸಂಹಿತೆಯನ್ನೂ 2024ರ ಮಾರ್ಚಿನಲ್ಲಿ ಸರ್ಕಾರವೇ ಹೊರಡಿಸಬೇಕಾಯಿತು. ಸದಸ್ಯರ ಹಿತವನ್ನು ಕಾಯುವ ಸಂಘವು ರೋಗಿಯ ಹಿತದ ಮಾತು ಬಂದಾಗ ಮೊದಲು ದನಿಯೆತ್ತದೆ ಹೋದರೆ, ಜನರ ವಿಶ್ವಾಸ ಕುಂದದಿರದು. ವೈದ್ಯವೃತ್ತಿಗೆ ಈ ವಿಶ್ವಾಸಕ್ಕಿಂತ ದೊಡ್ಡ ಬಂಡವಾಳವಿಲ್ಲ. ಅದನ್ನು ಉಳಿಸಿ ಬೆಳೆಸುವುದೇ ಸದಸ್ಯರಿಗೆ ಸಂಘವು ಮಾಡಬಹುದಾದ ದೊಡ್ಡ ಉಪಕಾರ.

ಇಂಗ್ಲಿಷ್ ಪತ್ರಿಕೆಯ ಪುಟಗಳಲ್ಲಿ ಅಚ್ಚಾದ ಮಾರ್ಗಸೂಚಿಯು ವೈದ್ಯರನ್ನು ತಲುಪಿದರೆ ಅರ್ಧ ಕೆಲಸವಾದಂತೆ. ಉಳಿದರ್ಧ ಅದು ಜನರ ಭಾಷೆಗೆ ಇಳಿದಾಗ ಆಗತಕ್ಕದ್ದು. ಎದೆನೋವು ಬಂದರೆ ಗ್ಯಾಸೆಂದು ಸೋಡಾ ಕುಡಿದು ಮಲಗುವ ನಮ್ಮ ಹುಡುಗರಿಗೆ, ಆ ಗಳಿಗೆಯಲ್ಲಿ ಆಸ್ಪತ್ರೆಗೆ ಓಡಬೇಕೆಂದು ಕನ್ನಡದಲ್ಲಿ ಹೇಳುವವರು ಬೇಕು. ಇದರಲ್ಲಿ ನಮ್ಮ ಪಾಲೂ ಇದೆ. ಪ್ರವಾಸಿ ಕನ್ನಡಿಗರ ಸಂಘಗಳು ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡು, ನಾಟಕಗಳ ನಡುವೆ ಅರ್ಧ ಗಂಟೆಯನ್ನು ಒಬ್ಬ ಹೃದ್ರೋಗ ತಜ್ಞರಿಗೆ ಬಿಟ್ಟುಕೊಟ್ಟರೆ ಸಾಕು. ಹೋಟೆಲಿನ ಮಾಲೀಕರು ವರ್ಷಕ್ಕೊಂದು ಮಧ್ಯಾಹ್ನವನ್ನು ಕೆಲಸಗಾರರ ರಕ್ತಪರೀಕ್ಷೆಗೆಂದು ಬಿಟ್ಟುಕೊಟ್ಟರೆ ಇನ್ನೂ ಲೇಸು. ಕಾಂಕುಡ್‌ಗಾಛಿಯ ವಿದ್ಯೆಯು ಗರಿಯಾಹಾಟಿನ ಅಡಿಗೆಮನೆಯನ್ನು ಮುಟ್ಟಿದ ದಿನ, ಆ ತಜ್ಞರ ಸಂಘವು ತನ್ನ ಸದಸ್ಯರ ವೃತ್ತಿಯನ್ನು ನಿಜವಾಗಿ ಎತ್ತಿಹಿಡಿಯಿತೆಂದು ನಾವು ಹೇಳಬಹುದು.